ತಪ್ಪಲೆಗೆ ಸುರಿದ ರಸಾಯನ

೧೩-೪-೪೪, ಗುರುವಾರ. ಹೊನ್ನಾವರ

ಮಧ್ಯಾಹ್ನ ಪುನಃ ಶ್ಯಾವಿಗೆ. ಈ ಸೆಕೆಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಮಗಳು ನೀಲಾ ಈ ಕೆಲಸದಲ್ಲಿ ಬಹಳ ಕ್ವಿಕ್. ನೆನೆದ ಅಕ್ಕಿ ರುಬ್ಬಿ, ಕಾಯಿಸಿ, ಉಂಡೆ ಬೇಯಿಸಿ, ಬಿಸಿ ಆರುವ ಮೊದಲೇ ಶ್ಯಾವಿಗೆ ಒರಳಿಗೆ ತುಂಬಿ ಒತ್ತಿಬಿಡುತ್ತಾಳೆ. ಬಾಳೆಲೆಯ ಮೇಲೆ ಹರವಿ ಆರಿಸುವುದು. ಅಷ್ಟರಲ್ಲಿ ಮಾವಿನಹಣ್ಣು ಹಿಂಡಿ, ಕಾಯಿಹಾಲು, ಬೆಲ್ಲ, ಏಲಕ್ಕಿ — ರಸಾಯನ. ಗಡಿಗೆಯನ್ನು ಒದ್ದೆ ಮರಳಲ್ಲಿ ಹೂತಿಟ್ಟರೆ ಐಸಿನ ಹಾಗೆ ತಣ್ಣಗೆ. ಮೇಲಿಂದ ಹೊಯ್ದು ತಿನ್ನುವುದು. ಪರ್ಫೆಕ್ಟ್ ಸಮ್ಮರ್ ಡಿಶ್.

ಒತ್ತುವುದು ಇಬ್ಬರ ಕೆಲಸ. ಅವಳೊಬ್ಬಳೇ ಮಾಡುತ್ತಾಳೆ. ನಾನು ಕೂತು ನೋಡುತ್ತೇನೆ. ಮಣಿಕಟ್ಟು ಊದಿದೆ ಎಂದು ತೋರಿಸಿದಳು. ಎಣ್ಣೆ ಹಚ್ಚಿಕೋ ಎಂದೆ. ಅವಳ ತಾಯಿಗೂ ಹಾಗೆಯೇ ಊದುತ್ತಿತ್ತು. ತೀರಿಹೋಗಿ ಎರಡು ವರ್ಷ ಆಗುತ್ತ ಬಂತು. ಕೈರುಚಿ ಮಾತ್ರ ಮಗಳಿಗೆ ಬಂದಿದೆ. ಹೆರೆಡಿಟಿ.

ಧಾರವಾಡದಲ್ಲಿ ನಮ್ಮ ಪ್ರೊಫೆಸರು ಏನೋ ಒಂದು ಹೇಳುತ್ತಿದ್ದರು — ದಿ ಸ್ಟಮಕ್ ಈಸ್ ದಿ ಸೀಟ್ ಆಫ್... ಎಂತದರದ್ದೋ. ಮರೆತುಹೋಯಿತು.

೧೮-೪-೪೪, ಮಂಗಳವಾರ

ಪಾತ್ರೆಯ ಒಳಗೆ ತವರ ಬಳಿಯುವ ಭಟ್ಕಳದ ಕಲಾಯಿಯವ ಬಂದಿದ್ದ. ಕೈ ಖಾಲಿ. ತವರ ಮಲಾಯದಿಂದ ಬರುತ್ತಿತ್ತಂತೆ, ಅಲ್ಲಿ ಈಗ ಜಪಾನಿಯವರು ಕೂತಿದ್ದಾರೆ. "ಲಡಾಯಿ ಮುಗಿಯುವ ತನಕ ಎಂತ ಮಾಡೂಕೂ ಆಗೂದಿಲ್ಲ ಸಾಹೇಬ್ರೇ" ಎಂದ. ಹಿತ್ತಾಳೆ ತಪ್ಪಲೆಯ ಕಲಾಯಿ ಪೂರ್ತಿ ಹೋಗಿದೆ. ನೀರಿಗೆ ಬಿಟ್ಟು ಮತ್ತೆ ಯಾವುದಕ್ಕೂ ಬಳಸಬೇಡ, ಹುಳಿಯಂತೂ ಹಾಕಲೇಬೇಡ ಎಂದು ನೀಲಾಗೆ ಹೇಳಿದೆ. ಕಿಲುಬು ಹೊಟ್ಟೆಗೆ ಹೋದರೆ ವಾಂತಿ, ಜೋರಾದರೆ ಅದಕ್ಕಿಂತ ಹೆಚ್ಚು. ಕಾಪರ್ ಪಾಯ್ಸನ್. ತಿಕ್ಕಿ ಅಟ್ಟದ ಮೇಲೆ ಇಟ್ಟಳು.

೨೩-೪-೪೪, ಭಾನುವಾರ

ಹೊಳನಗದ್ದೆಯಿಂದ ತಂಗಿ ಹೊನ್ನಮ್ಮ ಬಂದಳು. ಚಪ್ಪಲಿ ಬಿಡುವುದರೊಳಗೆ ಸುರುಮಾಡಿದಳು. ಕುಮಟೆಯ ಲಿಂಗಪ್ಪನವರ ಮಗ ರಮಾನಂದ. ಶಾಲೆ ಮಾಸ್ತರ. ಮುಂದಿನ ಭಾನುವಾರ ನೀಲಾಳನ್ನು ನೋಡಲಿಕ್ಕೆ ಬರುತ್ತಾರಂತೆ.

"ಅಣ್ಣ, ಮುಟ್ಟಳ್ಳಿ ಹುಡುಗನ ಕಿವಿ ದೊಡ್ಡದು ಅಂದೆ ನೀನು. ಅದರ ಮೊದಲಿನವರ ಮನೆಯಲ್ಲಿ ನಾಯಿ ಅದೆ ಅಂದೆ. ಇವರದ್ದು ಎಂತ ಹೇಳ್ತೆ, ಈಗ್ಲೇ ಹೇಳಿಬಿಡು."

"ನೋಡುವ."

"ನೋಡೂಕೆ ಅವರು ಬತ್ತರು. ನೀನು ಬಾಯಿ ಮುಚ್ಚಿ ಕೂತ್ರೆ ಆತು. ಹುಡುಗಿಗೆ ಇಪ್ಪತ್ಮೂರು ತುಂಬ್ತು. ಇನ್ನು ಬಿಟ್ರೆ ನಿನ್ನ ಅಡಿಗೆಮನೆಯಲ್ಲೇ ಮುದುಕಿ ಆತದೆ."

ಮುಖ ನೋಡದೆ ಕೇಳಿದೆ — "ನನ್ನ ಊಟ?"

"ನಮ್ಮಲ್ಲಿಗೆ ಬಂದಿರು."

ಹೊನ್ನಮ್ಮನ ಸಾರು ತಿಂದವನಿಗೇ ಗೊತ್ತು.

ನಮ್ಮ ಜನದಲ್ಲಿ ಹುಡುಗಿಯ ಕೈಯ ಸಿಹಿಯನ್ನು ಗಂಡಿನ ತಂದೆ ಎರಡನೇ ಸಲ ಹಾಕಿಸಿಕೊಂಡು ಉಂಡರೆ ಒಪ್ಪಿಗೆ. ಬಾಯಲ್ಲಿ ಹೇಳುವುದು ಬೇಡ. ಶ್ಯಾವಿಗೆ ರಸಾಯನವೇ ಮಾಡುವುದು ಎಂದು ಹೊನ್ನಮ್ಮ, ನೀಲಾ ಇಬ್ಬರೇ ತೀರ್ಮಾನ ಮಾಡಿಕೊಂಡರು. ನನ್ನನ್ನು ಕೇಳಲಿಲ್ಲ.

ರಾತ್ರಿಯ ಸಾರಿಗೆ ನೀಲಾ ಉಪ್ಪು ಮರೆತಳು. ಎಂದೂ ಇಲ್ಲದ್ದು. ಅವಳಿಗೂ ಮನಸ್ಸಿದೆ ಎಂದಾಯಿತು. ಇಲ್ಲಿ ಅವಳಿಗೆ ಎಂತ ಕಡಿಮೆ ಮಾಡಿದ್ದೇನೋ.

೩೦-೪-೪೪, ಭಾನುವಾರ. ಬೆಳಿಗ್ಗೆ

ರಸಾಯನ ಆಗಿದೆ. ಗಡಿಗೆ ಮರಳಲ್ಲಿ ಇತ್ತು. ನೀಲಾ ಮೀಯಲಿಕ್ಕೆ ಹೋದಳು, ತಾಯಿಯ ಹಸಿರು ಸೀರೆ ತೆಗೆದಿಟ್ಟುಕೊಂಡಿದ್ದಾಳೆ. ಹೊನ್ನಮ್ಮ ಬಾವಿಕಟ್ಟೆಯಲ್ಲಿ.

ಮಣ್ಣಿನ ಗಡಿಗೆಯಿಂದ ಸಂಬಂಧಿಕರಿಗೆ ಬಡಿಸುವುದು ಚೆನ್ನಾಗಿ ಕಾಣುವುದಿಲ್ಲ. ಮೂವತ್ತು ವರ್ಷ ಕೋರ್ಟಿನಲ್ಲಿ ಕೂತವನ ಮನೆ. ಅಟ್ಟದಿಂದ ತಪ್ಪಲೆ ಇಳಿಸಿದೆ. ಒಳ್ಳೆ ಹೊಳಪು ಇದೆ. ಪೂರ್ತಿ ಸುರಿದೆ. ಗಡಿಗೆ ತೊಳೆದು ಕವುಚಿಟ್ಟೆ.

ಬಸ್ಸು ಬರುವುದು ಒಂದು ಗಂಟೆಗೆ. ಪೆಟ್ರೋಲ್ ಇಲ್ಲ, ಇದ್ದಿಲಿನಲ್ಲಿ ಓಡುವ ಬಸ್ಸು, ಏರಿನಲ್ಲೆಲ್ಲ ನಿಲ್ಲುತ್ತದೆ. ತಡವಾಗಲಿ. ಗಡಿಬಿಡಿ ಎಂತದು.

ಅದೇ ದಿನ, ಸಂಜೆ

ಬಂದದ್ದು ಎರಡು ಕಳೆದ ಮೇಲೆ.

ಲಿಂಗಪ್ಪ ಮೆತ್ತಗಿನ ಮನುಷ್ಯ. ಬಂದವರೇ ಬಾವಿನೀರು ಕುಡಿದು ಹೊಗಳಿದರು. ಮಗ ಮಾತು ಕಡಿಮೆ. ಕಿವಿ ಸರಿಯಾಗಿಯೇ ಇದೆ. ನೀಲಾ ಶ್ಯಾವಿಗೆ ಹಾಕಿದಳು, ಸೌಟು ತಪ್ಪಲೆಗೆ ಇಳಿಸಿ ಒಂದು ಗಳಿಗೆ ನಿಂತಳು. ಅಂಚಿನಲ್ಲಿ ಸ್ವಲ್ಪ ಹಸಿರು ಗೆರೆ ಬಂದಿತ್ತು. ನನ್ನನ್ನು ನೋಡಿದಳು.

"ಬಡಿಸು ಮಗಾ, ತಣ್ಣಗೆ ಅದೆ" ಎಂದೆ.

ಬಡಿಸಿದಳು.

ಲಿಂಗಪ್ಪ ಮೊದಲ ತುತ್ತಿಗೇ ಕೈ ನಿಲ್ಲಿಸಿದರು. ಮಗನ ಮುಖ ನೋಡಿದರು. ನುಂಗಿದರು. ನಾನು ಬೀಸಣಿಗೆ ಬೀಸುತ್ತಿದ್ದೆ. ನಿಮಗೆ ಬೇಡವೇ ಎಂದು ಕೇಳಿದರು, ಡಾಕ್ಟರು ಮಾವು ಬೇಡ ಅಂದಿದ್ದಾರೆ ಎಂದೆ. ಎಲೆ ಖಾಲಿಯಾದ ಮೇಲೆ ಸಾಕು ಎನ್ನುತ್ತಾರೆಂದೇ ನನ್ನ ಕ್ಯಾಲ್ಕುಲೇಶನ್. ಅಲ್ಲಿಗೆ ಮುಗಿಯಬೇಕಿತ್ತು. ಮುದುಕ ನೀಲಾಳ ಕಡೆ ತಿರುಗಿ, "ಚೊಲೋ ಅದೆ ಮಗಾ. ಇನ್ನೊಂದು ಸೌಟು ಹಾಕು" ಎಂದರು.

ಎರಡನೇ ಸಲದ್ದು ಅಷ್ಟೂ ತಿಂದರು. ನಿಧಾನಕ್ಕೆ. ಬೆವರು ಒರೆಸಿಕೊಳ್ಳುತ್ತ. ಹೊನ್ನಮ್ಮ ಬಾಗಿಲ ಮರೆಯಲ್ಲಿ ಕಣ್ಣು ಒರೆಸಿಕೊಂಡಳು.

ಮತ್ತೆ ಬಸ್ಸಿನ ಹೊತ್ತಾಯಿತು, ಹೊನ್ನಮ್ಮ ಸಿಹಿಗೆ ಕಾಯದೆ ಅನ್ನ ಸಾರು ಉಂಡು ಅವರ ಜೊತೆಗೇ ಹೊರಟಳು. ಉಳಿದ ರಸಾಯನ ತೆಂಗಿನ ಬುಡಕ್ಕೆ ಹೊಯ್ದೆ. ವೇಸ್ಟ್.

೩-೫-೪೪, ಬುಧವಾರ

ಹೊನ್ನಮ್ಮ ಬಂದು ಹೋದಳು. ಹಳದೀಪುರ ದಾಟುವಾಗಲೇ ಅಪ್ಪ ಮಗ ಇಬ್ಬರಿಗೂ ವಾಂತಿ ಸುರುವಾಯಿತಂತೆ. ಲಿಂಗಪ್ಪ ಕೂತಲ್ಲೇ, ಪಂಚೆಯ ಮೇಲೆ, ಮುಂದಿನ ಸೀಟಿನ ಹೆಂಗಸಿನ ಬೆನ್ನ ಮೇಲೆ. ಬಸ್ಸು ನಿಲ್ಲಿಸಿ ಇಬ್ಬರನ್ನೂ ಇಳಿಸಿದರಂತೆ. ಮಗ ಎರಡು ದಿನಕ್ಕೆ ಎದ್ದ. ಮುದುಕ ಎದ್ದಿಲ್ಲ. ಗಂಜಿನೀರೂ ನಿಲ್ಲುತ್ತಿಲ್ಲ.

ನೀಲಾಳನ್ನು ಎದುರಿಗೆ ನಿಲ್ಲಿಸಿ ಬೈದಳು. "ಎಂತ ಹಾಕಿದ್ದೆ ಹೇಳು. ಸಿಹಿ ಬಡಿಸೂಕೆ ಹೇಳಿದ್ರೆ ವಿಷ ಬಡಿಸಿದ್ಯಲ್ಲೆ. ಬಸ್ಸಲ್ಲಿ ಇದ್ದವ್ರೆಲ್ಲ ನೋಡ್ಯಾರೆ. ಇನ್ನು ಕುಮಟೆಯಿಂದ ಭಟ್ಕಳದ ತನಕ ನಿನ್ನ ಕೈಯ ನೀರು ಯಾರೂ ಮುಟ್ಟೂದಿಲ್ಲ."

ನೀಲಾ ನನ್ನ ಕಡೆ ನೋಡಿದಳು.

"ತಾಯಿ ಇಲ್ಲದ ಮಗು, ಬಿಡು" ಎಂದೆ ನಾನು.

ಮಧ್ಯಾಹ್ನ ಬಂಗಡೆ ಸಾರು. ಚೆನ್ನಾಗಿತ್ತು. ಎಲ್ಲ ಪುನಃ ನಾರ್ಮಲ್.

೧೪-೫-೪೪, ಭಾನುವಾರ

ರಮಾನಂದ ಬಂದಿದ್ದ, ಒಬ್ಬನೇ. ನಿರೀಕ್ಷೆ ಇರಲಿಲ್ಲ. ಇಳಿದುಹೋಗಿದ್ದಾನೆ. ಜಗಲಿಯಲ್ಲಿ ಕೂತ, ನೀರು ಕೊಟ್ಟರೆ ಕುಡಿಯಲಿಲ್ಲ.

"ರಾಯರೇ, ಅಪ್ಪ ಈಗ ಎದ್ದು ಕೂತ್ಕೊಳ್ತರು. ಮೊದಲ ತುತ್ತಿಗೇ ಕಹಿ ಇತ್ತು ಅಂತ ಅವರೇ ಹೇಳಿದ್ರು. ಬೇಡ ಅಂದ್ರೆ ಹುಡುಗಿ ಬೇಡ ಅಂದ ಹಾಗೆ ಆತದೆ, ಅದಕ್ಕೇ ಎರಡನೇ ಸಲ ಹಾಕಿಸಿಕೊಂಡೆ ಅಂದ್ರು. ಅವರಿಗೆ ಈಗಲೂ ಮನಸ್ಸು ಅದೆ. ಅಮ್ಮ ಮಾತ್ರ ಒಪ್ಪೂದಿಲ್ಲ. ಆ ದಿನ ಎಂತ ಆತು ಅಂತ ನೀವು ಒಂದು ಮಾತು ಹೇಳಿ. ಪಾತ್ರೆಯದ್ದೋ, ಹಣ್ಣಿನದ್ದೋ. ಹುಡುಗಿಯ ತಪ್ಪಲ್ಲ ಅಂತಾದ್ರೆ ಅಮ್ಮನಿಗೆ ನಾನು ಹೇಳ್ತೆ. ಮಳೆ ಮೊದಲೇ ಮದುವೆ ಮುಗಿಸುವ."

ಒಳ್ಳೆಯ ಹುಡುಗ. ಕೋರ್ಟಿನಲ್ಲಿ ಇಂಥ ಸಾಕ್ಷಿಗಳು ಬೇಗ ಸೋಲುತ್ತಾರೆ.

ನೀಲಾ ಬಾಗಿಲ ಹಿಂದೆ ಇದ್ದಳು, ಸೀರೆಯ ಅಂಚು ಕಾಣುತ್ತಿತ್ತು.

"ಏನು ಹೇಳುವುದು ತಮ್ಮಾ" ಎಂದೆ. "ಹುಡುಗಿ ಸ್ವಲ್ಪ ಕೇರ್‌ಲೆಸ್. ಯಾವ ಪಾತ್ರೆಯಲ್ಲಿ ಎಂತ ಇಡಬೇಕು ಅಂತ ನಾನೇ ಹೇಳಿಕೊಟ್ಟಿದ್ದೆ. ಕೇಳಬೇಕಲ್ಲ."

ಹೊರಗೆ ಬಂದಳು. ತಲೆ ಬಗ್ಗಿಸಲಿಲ್ಲ.

"ಕಲಾಯಿ ಇಲ್ಲದ ತಪ್ಪಲೆಗೆ ರಸಾಯನ ಸುರಿದದ್ದು ಅಪ್ಪ. ಬಚ್ಚಲ ಕಿಂಡಿಯಿಂದ ನೋಡಿದ್ದೆ."

ರಮಾನಂದ ನನ್ನನ್ನು ನೋಡಲೇ ಇಲ್ಲ. ಅವಳನ್ನೇ ನೋಡಿದ. "ನೋಡಿಯೂ ಬಡಿಸಿದ್ರಿ?"

"ಅಪ್ಪ ತಾನೇ ಹೇಳ್ತರು ಅಂದ್ಕೊಂಡೆ. ಸೌಟು ಎತ್ತುವಾಗ ಹೇಳ್ತರು, ನಿಮ್ಮ ಅಪ್ಪ ಬಾಯಿಗೆ ಇಡುವಾಗಲಾದ್ರೂ ಹೇಳ್ತರು... ಹೆತ್ತವರು, ಅಷ್ಟಕ್ಕೆ ಹೋಗೂದಿಲ್ಲ ಅಂತ. ಎರಡನೇ ಸಲ ಕೇಳುವಾಗ ಸೌಟು ಕೆಳಗೆ ಇಡಬೇಕು ಅಂತ ಕಂಡಿತ್ತು."

"ಆದ್ರೂ ಹಾಕಿದ್ರಿ."

"ಹಾಕಿದೆ."

ರಮಾನಂದ ಎದ್ದು ಕೊಡೆ ತೆಗೆದುಕೊಂಡ. "ಇದನ್ನು ಅಮ್ಮನಿಗೆ ಹ್ಯಾಗೆ ಹೇಳ್ಲಿ? ನಾನು ಹ್ಯಾಗೆ ಮರೀಲಿ?" ಅಂದ, ಅವಳಿಗೆ. ಮೆಟ್ಟಿಲಿಳಿದು ಹೋದ. ಬಸ್ಸಿಗೆ ಇನ್ನೂ ಹೊತ್ತಿತ್ತು, ಬಿಸಿಲಲ್ಲೇ ನಿಂತಿದ್ದನಂತೆ.

ಸತ್ಯ ಹೇಳಿ ಕೆಟ್ಟಳು. ಸುಮ್ಮನಿದ್ದಿದ್ದರೆ ಅವನು ಪುನಃ ಬರುತ್ತಿದ್ದ. ನಾನು ಗೆದ್ದೆ ಎಂದು ಬರೆಯಬಹುದು. ವಿಕ್ಟರಿ.

ಅವಳು ಜಗಲಿಯಲ್ಲೇ ನಿಂತು ಹೇಳಿದಳು, "ಇನ್ನು ನಾನು ಎಲ್ಲೂ ಹೋಗೂದಿಲ್ಲ ಅಪ್ಪಾ. ಇಲ್ಲೇ ಇದ್ದು, ಬದುಕಿದ್ದಷ್ಟು ದಿನ ನಿಮಗೆ ಮಾಡಿ ಹಾಕ್ತೆ." ದನಿ ಏರಲಿಲ್ಲ. ಯಾರ ಬದುಕು ಎಂದು ಹೇಳಲಿಲ್ಲ.

೧೯-೫-೪೪, ಶುಕ್ರವಾರ. ಮಧ್ಯಾಹ್ನ

ನಾಲ್ಕು ದಿನ ಪೇಟೆಯ ಖಾನಾವಳಿಯಲ್ಲಿ ಉಂಡೆ. ಡಾಲ್ಡಾ, ಹುಳುವಿನ ಅಕ್ಕಿ. ಹೊಟ್ಟೆ ಕೆಟ್ಟಿದೆ. ಇವತ್ತು ಹೊರಡುವಾಗ ಬಾಗಿಲಿಗೆ ಅಡ್ಡ ನಿಂತಳು.

"ಮಗಳು ಇದ್ದೂ ಅಪ್ಪ ಹೊರಗೆ ಉಣ್ತರು ಅಂತ ಊರಲ್ಲಿ ಕೇಳ್ತರು. ಎಂತ ಹೇಳ್ಲಿ? ಹೇಳೂದಾದ್ರೆ ಎಲ್ಲ ಹೇಳಬೇಕಾತದೆ."

ವಾಪಸ್ಸು ಬಂದು ಕೂತೆ.

ಶ್ಯಾವಿಗೆ ಒತ್ತಿದ್ದಾಳೆ. ಎಲೆ ಹಾಕಿದ್ದಾಳೆ. ಒಂದೇ ಎಲೆ. ತನಗೆ ಹಸಿವಿಲ್ಲವಂತೆ.

ರಸಾಯನದ ಬಣ್ಣ ಸರಿಯಾಗಿಯೇ ಕಾಣುತ್ತದೆ ಇಲ್ಲಿಂದ. ವಾಸನೆಯೂ. ಆದರೆ ಕಾಣದ ಹಾಗೆ ಬೆರೆಸುವುದು ಎಷ್ಟೋ ಇದೆ, ಕೋರ್ಟಿನಲ್ಲಿ ಓದಿದ್ದೇನೆ. ಇವತ್ತು ಏನೂ ಹಾಕಿರಲಿಕ್ಕಿಲ್ಲ. ನಾಳೆ? ಮಳೆಗಾಲದಲ್ಲಿ? ಡೈಲಿ ಎರಡು ಹೊತ್ತು...

ಕರೆಯುತ್ತಿದ್ದಾಳೆ. ಎರಡನೇ ಸಲ ಕರೆದಳು. ಎಲೆಯ ಎದುರು ಮಣೆ ಹಾಕಿಕೊಂಡು ಕೂತಿದ್ದಾಳೆ, ನಾನು ಉಣ್ಣುವುದನ್ನು ನೋಡಲಿಕ್ಕೆ.

ಒಂದು ತುತ್ತು ನೀನು ಮೊದಲು ತಿನ್ನು ಎನ್ನಬೇಕು. ಹೆತ್ತ ಮಗಳಿಗೆ ಅದನ್ನು ಯಾವ ಬಾಯಲ್ಲಿ —