ಇಂಗ್ಲೆಂಡಿಗೆ ಹೊರಟ ದ್ರಾಕ್ಷಿ

ಜನವರಿ ೯, ೨೦೨೪. ಐಗಳಿ, ಬೆಳಿಗ್ಗೆ

ಇವತ್ತೂ ತೋಟದಲ್ಲಿ ಮಂಜು. ಗೊಂಚಲು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುತ್ತದೆ — ತಣ್ಣಗೆ. ಇಂಗ್ಲೆಂಡು ಹೀಗೇ ಇರಬಹುದು. ವಿಡಿಯೋ ಕಾಲ್‌ನಲ್ಲಿ ಅಲ್ಲಿನ ಹಣ್ಣಿನ ವ್ಯಾಪಾರಿ ಹೆಲೆನ್‌ಳ ಹಿಂದಿರುವ ಕಿಟಕಿ, ಅಷ್ಟೇ ನಾನು ಕಂಡ ಇಂಗ್ಲೆಂಡು.

ಮೊದಲು ನಮ್ಮ ದ್ರಾಕ್ಷಿ ಹಾಲೆಂಡಿನ ವ್ಯಾಪಾರಿಗೆ ಹೋಗಿ, ಅವನ ಕೈಯಿಂದ ಅಲ್ಲಿಗೆ ದಾಟುತ್ತಿತ್ತು. ಇಂಗ್ಲೆಂಡು ಯುರೋಪಿನ ಒಕ್ಕೂಟ ಬಿಟ್ಟ ಮೇಲೆ ನಡುವೆ ತಪಾಸಣೆ, ತಡ. ಹಣ್ಣು ಕಾಯುವುದಿಲ್ಲ. ಹೆಲೆನ್ ನೇರವಾಗಿ ಕೊಳ್ಳುತ್ತಾಳಂತೆ. ಆದರೆ ಹಾಲೆಂಡಿಗೆ ಕೊಡಬಾರದಂತೆ.

ಅಪ್ಪನಿಗೆ ಹೇಳಿದೆ.

"ಮನಿ ಬಿಟ್ಟಾವ್ರು ಇಂಗ್ಲೆಂಡದವ್ರು. ನಾವ್ಯಾಕ ಹಾಲೆಂಡದವ್ರ ಕೂಡ ಮಾತು ಬಿಡೂದು?"

ಅಂದವರು ನನ್ನ ಮುಖ ನೋಡಿ ಬಳ್ಳಿಯತ್ತ ತಿರುಗಿ ಒಣಗಿದ ಎಲೆ ಕೀಳತೊಡಗಿದರು. ನಾನೂ ಮನೆ ಬಿಟ್ಟವಳೇ. ಕಾಗವಾಡದ ಮನೆಯನ್ನು, ಗಂಡ ನಿತಿನನನ್ನು. ಅವನು ಹೊಡೆದಿಲ್ಲ, ಬೈದಿಲ್ಲ. ವರ್ಷಗಟ್ಟಲೆ ಮಾತೇ ಆಡಲಿಲ್ಲ...

ಜನವರಿ ೧೫, ಸಂಕ್ರಾಂತಿ

ಹೆಲೆನ್ ಪಟ್ಟು ಸಡಿಲಿಸಿದಳು. ಹಾಲೆಂಡಿಗೂ ಕೊಡಿ, ನನಗೆ ತುಂಬಿದ ಕಂಟೇನರ್ ಬೇಕು ಎಂದಳು. ನಮ್ಮ ತೋಟದಿಂದ ತುಂಬುವುದಿಲ್ಲ. ಅವಳು ಕೇಳುವ ತಳಿ ಇನ್ನಿರುವುದು ನಿತಿನನ ತಾಯಿ ಸೋನಾಬಾಯಿಯವರ ತೋಟದಲ್ಲಿ. ಆ ಬಳ್ಳಿಗಳನ್ನು ನೆಟ್ಟವಳು ನಾನು.

"ನಾ ಹೋಗಿ ಕೇಳ್ಲೇನವಾ?"

"ಬ್ಯಾಡ್ರಿ ಅಪ್ಪಾ. ಬಿಟ್ಟು ಬಂದಾಕಿ ನಾ. ನಾನ ಕೇಳ್ತೀನಿ."

ಫೆಬ್ರವರಿ ೨

ಇನ್ನೂ ಹೋಗಿಲ್ಲ.

ಬೆಳಗಿನ ಜಾವ ಕನಸು. ತೋಟದ ಚಪ್ಪರವೇ ಸಮುದ್ರ, ಎಲೆಗಳ ಮೇಲೆ ಹಡಗು ಸದ್ದಿಲ್ಲದೆ ತೇಲುತ್ತಿದೆ. ಮೇಲೆ ಯಾರೂ ಇಲ್ಲ. ಕೆಳಗೆ ನಿಂತು ಕರೆಯುತ್ತಿದ್ದೇನೆ, ಯಾರನ್ನು ಎಂದು ಗೊತ್ತಿಲ್ಲ.

ಫೆಬ್ರವರಿ ೬, ಸಂಜೆ

ಹೋಗಿ ಬಂದೆ. ನಿತಿನ ಮಿರಜಿಗೆ ಹೋಗಿದ್ದ. ಸೋನಾಬಾಯಿ ಚಪ್ಪರದ ನೆರಳಲ್ಲಿದ್ದರು. ಎಲೆ ಸೋಸಿದ ಬಿಸಿಲಿನಲ್ಲಿ ಅವರ ಮುಖ ಹಸಿರು, ನೀರೊಳಗಿನ ಹಾಗೆ.

"ಯಾಕ ಬಂದಿ ಬ್ರಾಹ್ಮಿ?"

"ವ್ಯಾಪಾರಕ್ಕ ಬಂದೀನ್ರಿ ಅತ್ತಿ."

"ವ್ಯಾಪಾರಕ್ಕ ಬಂದಾಕಿ ಅತ್ತಿ ಅಂತಾಳೇನ?"

ನಾಲಿಗೆಗೆ ಇನ್ನೂ ಅಭ್ಯಾಸ. ಕಂಟೇನರ್ ವಿಷಯ ಹೇಳಿದೆ. ಪೂರ್ತಿ ಕೇಳಿದರು.

"ಮನಿಗೆ ಬಾ. ಹಣ್ಣ ಹಿಂದ ಬರತೈತಿ."

"ಬರಾಂಗಿಲ್ರಿ."

ಒಂದು ಗೊಂಚಲನ್ನು ಅಂಗೈ ಮೇಲೆ ಎತ್ತಿ ಬಹಳ ಹೊತ್ತು ನೋಡಿದರು. ಎಲ್ಲ ಮುಗಿಯಿತು ಅಂದುಕೊಂಡೆ.

"ಹಂಗಾರ ಕೊಯ್ಲಿಗೆ ನೀನ ಬರಬೇಕು. ಮತ್ತ, ಹೊತ್ತು ಮುಳುಗೂದ್ರಾಗ ನಮ್ಮ ಮನ್ಯಾಗ ಊಟಾ ಮಾಡಿ ಹೋಗಬೇಕು. ಇಷ್ಟ ನನ್ನ ಕರಾರು."

ಕತ್ತಲಾದ ಮೇಲೆ ಉಣ್ಣದ ಮನೆ ಅದು. ಹೂಂ ಅಂದೆ. ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಅತ್ತೆ. ಯಾಕೋ.

ಫೆಬ್ರವರಿ ೨೦

ಕಾಗವಾಡದಲ್ಲಿ ಕೊಯ್ಲು. ನಿತಿನ ಲಾರಿಯ ಹತ್ತಿರವೇ ಇದ್ದ, ಕ್ರೇಟು ಎತ್ತಿಟ್ಟ. ನೋಡಲಿಲ್ಲ, ನಾನೂ. ಊಟ ಮಾಡಿಯೇ ಬಂದೆ.

ಮಾರ್ಚ್ ೨೪

ಹಡಗು ಮುಟ್ಟಿತು! ಹೆಲೆನ್ ಫೋನಿನಲ್ಲಿ ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಮುಂದಿನ ವರ್ಷವೂ ಬೇಕಂತೆ.

ಸೋನಾಬಾಯಿಯವರಿಗೆ ಖುದ್ದಾಗಿ ಹೇಳಲು ಹೋದೆ.

"ಬರೂ ವರ್ಷಾನೂ ಬರ್ತಿಯೇನ?"

"ಬರ್ತೀನ್ರಿ. ವ್ಯಾಪಾರಕ್ಕ."

"ಸಾಕು," ಎಂದು ತಾಟು ಹಾಕಿದರು. ಇನ್ನೂ ಬಿಸಿಲಿತ್ತು. ಹೊರಗೆ ನಿತಿನನ ಗಾಡಿ ನಿಂತ ಸದ್ದು. ಮೊದಲಾಗಿದ್ದರೆ ಎದ್ದು ಒಳಗೆ ಹೋಗುತ್ತಿದ್ದೆ. ಏಳಲಿಲ್ಲ. ಅವನು ಕಾಲು ತೊಳೆದು ಬಂದು ಎದುರಿಗೆ ಕೂತ.

"ಬಂದಿಯಾ," ಎಂದ.

"ಬಂದೀನಿ."

ಸೋನಾಬಾಯಿ ಇಬ್ಬರಿಗೂ ಬಡಿಸಿದರು. ರೊಟ್ಟಿ ಮುರಿದೆ, ಅವನೂ ಮುರಿದ. ಆಮೇಲೆ ಅವನು ತಾನಾಗಿ, ಮೆಲ್ಲಗೆ, ಹಡಗಿನ ಬಗ್ಗೆ ಕೇಳತೊಡಗಿದ, ನಾನು ಹೇಳುತ್ತಾ ಹೇಳುತ್ತಾ ತಾಟು ಬರಿದಾಗಿ ಹೊತ್ತು ಮುಳುಗಿದ್ದೂ ಇಬ್ಬರಿಗೂ ತಿಳಿಯಲಿಲ್ಲ.