ಮೇಲೆ ಬರೆಯಬೇಕಿದ್ದ ಸಾಲು

ಆಸ್ಪತ್ರೆಯ ಎರಡನೇ ಮಹಡಿ, ಮೆಟ್ಟಿಲ ಪಕ್ಕದ ಬೆಂಚು
ಮಾರ್ಚ್ ೧೨, ಬುಧವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಎಲ್ಲಿದ್ದೀಯ ಅಂತ ಕೇಳುವುದಿಲ್ಲ, ಕೇಳಿದರೆ ಇಲ್ಲಿಗೆ ಇಣುಕುವುದನ್ನೂ ಬಿಟ್ಟುಬಿಡುತ್ತೀಯ. ಹೊಟ್ಟೆನೋವು ಮತ್ತೆ ಶುರುವಾಗಿದೆಯಾ? ಬಿಳಿ ಮಾತ್ರೆಗಳನ್ನು ಕಪಾಟಿನಲ್ಲೇ ಬಿಟ್ಟು ಹೋಗಿದ್ದೀಯ, ಪುಣ್ಯಾತ್ಮ. ಸ್ವೆಟರೂ ಮೊಳೆಗೆ ನೇತಾಡುತ್ತಿದೆ. ಖಾಲಿ ಹೊಟ್ಟೆಯಲ್ಲಿ ಟೀ ಕುಡಿದುಕೊಂಡು ಓಡಾಡಬೇಡ. ನಾನು ಚೆನ್ನಾಗಿದ್ದೇನೆ ಅಂತ ಬರೆಯುವುದು ವಾಡಿಕೆ. ಬರೆದೆ ಅಂದುಕೋ.

ನಿನ್ನ ಫೋನು ಬಂದ್, ವಿಳಾಸ ಯಾರಿಗೂ ಗೊತ್ತಿಲ್ಲ. ಆದರೆ ನಾನು, ನೀನು, ನಿನ್ನ ಭಾವ ಮೂವರೂ ನೋಡುವ ಮನೆಸಾಮಾನಿನ ಆನ್‌ಲೈನ್ ಪಟ್ಟಿಯನ್ನು ನೀನು ದಿನಾ ಬೆಳಿಗ್ಗೆ ತೆರೆಯುತ್ತೀಯ ಅನ್ನುವುದು ನನಗೆ ಗೊತ್ತು. ಮೂಲೆಯಲ್ಲಿ ನಿನ್ನ ಹೆಸರಿನ ಅಕ್ಷರವಿರುವ ಹಸಿರು ಚುಕ್ಕೆ ಮೂಡುತ್ತದೆ, ಸ್ವಲ್ಪ ಹೊತ್ತು ಇರುತ್ತದೆ, ಹೋಗುತ್ತದೆ. ಮೊದಲ ಸಲ ಕಂಡಾಗ ಹುಚ್ಚಿಯ ಹಾಗೆ ಅದನ್ನೇ ಬೆರಳಿಂದ ಸವರಿದೆ. ಸೋಪು ಮುಗಿದಿದೆಯೋ ಇಲ್ಲವೋ ಅಂತ ವಿಚಾರಿಸಲು ಬರುತ್ತೀಯೇನೋ ಮಹಾರಾಯ! ಅದಕ್ಕೇ ನಿನ್ನ ಹಳೆಯ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ನೀನು ‘ಗುಮಾಸ್ತ’ ಅಂತ ಅಡ್ಡಹೆಸರಿಟ್ಟ ಆ ಎಐ ಏಜೆಂಟಿನ ಕಪ್ಪು ಪರದೆ ತೆರೆದು ಕೂತಿದ್ದೇನೆ. ಚಿತ್ರವಿಲ್ಲ, ಒತ್ತುವ ಗುಂಡಿಯಿಲ್ಲ, ಮಿಣುಕುವ ಒಂದು ಗೆರೆ ಅಷ್ಟೆ. ಬೇಕಾದ್ದನ್ನು ಮಾತಿನಲ್ಲಿ ಟೈಪು ಮಾಡಿದರೆ ಅದೇ ಹೋಗಿ ಪಟ್ಟಿಯಲ್ಲಿ ಬರೆದು ಬರುತ್ತದೆ. ಪಟ್ಟಿಯಲ್ಲಿ ನೇರವಾಗಿ ಬರೆಯಲು ನನಗೇನು ಕೈಯಿಲ್ಲವೆ? ಇದೆ. ಆದರೆ ನಿನ್ನ ಗುಮಾಸ್ತ ಹೇಗೆ ಬರೆಯುತ್ತದೆ ಅಂತ ನನ್ನ ಕಣ್ಣಾರೆ ನೋಡಬೇಕಿತ್ತು.

ನೋಡಿದೆ. ಪರೀಕ್ಷೆಗೆ ಅಂತ ಮೊದಲು ‘ಬಲ್ಬು ಸೇರಿಸು’ ಎಂದೆ. ‘ಸೇರಿಸಿದ್ದೇನೆ’ ಅಂತ ಬಹಳ ವಿನಯದ ಉತ್ತರ ಬಂತು. ಪಟ್ಟಿ ತೆರೆದರೆ ಬಲ್ಬಿನ ಸುಳಿವೇ ಇಲ್ಲ. ಸರಿಸುತ್ತಾ ಸರಿಸುತ್ತಾ ಕೆಳಗೆ ಹೋದೆ. ಹೋದ ವರ್ಷದ ಬಕೆಟ್ಟು, ಅದರ ಕೆಳಗೆ ಗ್ಯಾಸಿನವನ ನಂಬರು, ಅದರಡಿಯಲ್ಲಿ ಬಲ್ಬು. ಅವತ್ತು ಆಗಿದ್ದು ಇಷ್ಟೇ ಅಲ್ಲವೇನೋ? ನನ್ನ ಹೊಲಿಗೆ ಅಂಗಡಿಗೆ ಹೊಸದಾಗಿ ಕಲಿಯಲು ಬಂದವಳಿಗೆ ‘ಈ ತುಂಡು ಸೇರಿಸೇ’ ಎಂದು, ಎಲ್ಲಿಗೆ ಅಂತ ಹೇಳದೆ ಹೋದರೆ, ಕಾಲರಿನ ತುಂಡನ್ನು ಕೆಳ ಅಂಚಿಗೆ ಹೊಲಿದು ‘ಆಯ್ತಕ್ಕಾ’ ಎನ್ನುತ್ತಾಳೆ. ಬಟ್ಟೆಯಾದರೆ ಬಿಚ್ಚಿ ಮತ್ತೆ ಹೊಲಿಯಬಹುದು.

ನಿಮ್ಮ ಲಿಫ್ಟ್ ರಿಪೇರಿ ಕಂಪನಿಯ ಆಫೀಸಿನಲ್ಲಿ ನಿನ್ನ ಪಕ್ಕದ ಮೇಜಿನ ಕನ್ನಡಕದ ಹುಡುಗಿ ಬಂದಿದ್ದಳು, ಪಾಪ, ಅತ್ತುಕೊಂಡೇ ಎಲ್ಲ ಹೇಳಿದಳು. ಆ ಸಂಜೆ ಇನ್ನೊಂದು ತಂಡದ ಮೆಕ್ಯಾನಿಕ್‌ಗಳು ನಿನಗೆ ಫೋನ್ ಮಾಡಿ, ಮೂರನೇ ಲಿಫ್ಟಿನ ಬ್ರೇಕು ಹಿಡಿಯುತ್ತಿಲ್ಲ, ಲಿಫ್ಟನ್ನು ಮೇಲೆ ಸರಪಳಿ ಕಟ್ಟಿ ನಿಲ್ಲಿಸಿದ್ದೇವೆ, ಯಾರೂ ಕೆಳಗಿನ ಗುಂಡಿಗೆ ಇಳಿಯಕೂಡದು ಅಂದರಂತೆ. ಇಷ್ಟು ವರ್ಷ ಇಂಥದ್ದನ್ನೆಲ್ಲ ನೀನೇ ಆ ಲಿಫ್ಟಿನ ದಾಖಲೆ ತೆರೆದು ಎಲ್ಲಕ್ಕಿಂತ ಮೇಲೆ ಬರೆಯುತ್ತಿದ್ದೆ. ಗುಂಡಿಯ ಹತ್ತಿರ ನೆಟ್‌ವರ್ಕ್ ಸರಿಯಾಗಿ ಸಿಗುವುದಿಲ್ಲ, ಫೋನಿನಲ್ಲಿ ಮೊದಲ ಪುಟ ಬಿಟ್ಟರೆ ಮುಂದಿನದು ತೆರೆಯುವುದಿಲ್ಲ ಅಂತ ‘ಹೊಸದು ಯಾವಾಗ್ಲೂ ತಲೆ ಮೇಲೆ’ ಎಂಬ ರೂಢಿ ಹಾಕಿಕೊಟ್ಟವನೇ ನಿನ್ನ ಭಾವನ ಜೊತೆ ಮೆಕ್ಯಾನಿಕ್ ಆಗಿದ್ದ ಮೀಸೆಯಣ್ಣ. ಹುಡುಗರು ಬಾಗಿಲಿಗೆ ಎಚ್ಚರಿಕೆಯ ಕೆಂಪು ಹಲಗೆ ತೂಗುಹಾಕುವುದನ್ನು ಮ್ಯಾನೇಜರೇ ನಿಲ್ಲಿಸಿದ್ದ, ಎಲ್ಲಾ ದಾಖಲೆಯಲ್ಲಿರುತ್ತಲ್ಲ ಅಂತ. ಅವತ್ತು ಅವನೇ ನಿನ್ನ ಕುರ್ಚಿಯ ಹಿಂದೆ ನಿಂತು ‘ಇನ್ಮೇಲೆ ಕೈಯಲ್ಲಿ ಬರೀಬೇಡಿ, ಏಜೆಂಟ್ ಕೈಲೇ ಹಾಕ್ಸಿ’ ಎಂದನಂತೆ. ನೀನು ಇದೇ ಗುಮಾಸ್ತನಿಗೆ ‘ಈ ಸೂಚನೆ ಸೇರಿಸು’ ಎಂದೆ. ಅದು ಸೇರಿಸಿತು, ಎಲ್ಲೋ ಹಳೆಯ ಫೋನ್ ನಂಬರುಗಳ ಕೆಳಗೆ. ‘ಸೇರಿಸಿದ್ದೇನೆ’ ಎಂದಿತು, ನೀನು ನಂಬಿದೆ. ಮನೆಗೆ ಬಂದು ನಿನ್ನ ಭಾವನ ತಟ್ಟೆಯಿಂದ ಕಡಲೆಕಾಯಿ ಕದ್ದು ತಿಂದು ಬೈಸಿಕೊಂಡೆ. ಮಾರನೇ ಬೆಳಿಗ್ಗೆ ಅವರೂ ಮೀಸೆಯಣ್ಣನೂ ಆ ಗುಂಡಿಯ ನೀರು ತೆಗೆಯಲು ಹೋದರು. ಮೊದಲ ಪುಟ ನೋಡಿದರು, ಏನೂ ಇರಲಿಲ್ಲ. ಮೀಸೆಯಣ್ಣ ಒಳಗೆ ಇಳಿದ. ನಿನ್ನ ಭಾವ ಏಣಿಯ ಮೇಲೆ ಕಾಲಿಟ್ಟಿದ್ದರು. ಸರಪಳಿ ಜಾರಿತು.

ಮೀಸೆಯಣ್ಣ ಅಲ್ಲೇ ಹೋದ. ನಿನ್ನ ಭಾವನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ನೀನು ಮೀಸೆಯಣ್ಣನನ್ನು ಮಣ್ಣು ಮಾಡುವ ದಿನ ಅವನ ಬೀದಿಯ ತಿರುವಿನ ತನಕ ಬಂದು, ಅಲ್ಲಿಂದಲೇ ತಲೆ ತಪ್ಪಿಸಿಕೊಂಡು ಹೋದೆಯಂತೆ. ನೋಡಿದವರು ಹೇಳಿದರು. ನನಗೆ ಎಷ್ಟು ಸಿಟ್ಟು ಬಂದಿತ್ತು ಅಂದರೆ, ಸಿಕ್ಕಿದ್ದರೆ ಕಪಾಳಕ್ಕೆ ಬಿಗಿಯುತ್ತಿದ್ದೆ. ಈಗ ಸಿಟ್ಟಿಲ್ಲ ಅಂದರೆ ಸುಳ್ಳಾಗುತ್ತದೆ. ಇದೆ. ಆದರೂ ನಿನ್ನ ತಟ್ಟೆಯನ್ನು ತೊಳೆದು ಅದರ ಜಾಗದಲ್ಲೇ ಇಟ್ಟಿದ್ದೇನೆ.

ನೀನು ಹೋದ ಮೇಲೆ ಏನಾಗಿದೆ ಅಂತ ನಿನಗೆ ಗೊತ್ತಿಲ್ಲ, ಅದನ್ನು ಹೇಳಲೇಬೇಕು. ವಿಚಾರಣೆಯ ಅಧಿಕಾರಿ ವಾರ್ಡಿಗೆ ಬಂದರು. ‘ಸೂಚನೆ ದಾಖಲೆಯಲ್ಲಿದೆ, ಹಿಂದಿನ ದಿನವೇ ಹಾಕಿದ್ದಾರೆ, ನೀವು ಓದಲಿಲ್ವಾ?’ ಅಂತ ಕೇಳಿದರು. ಇಲ್ಲ ಅಂದರೆ ಯಾಕೆ ಕಾಣಲಿಲ್ಲ ಅನ್ನುವ ಪ್ರಶ್ನೆ ಬರುತ್ತದೆ, ಅದು ಸೀದಾ ನಿನ್ನ ಮೇಜಿಗೆ ಬಂದು ನಿಲ್ಲುತ್ತದೆ. ನಿನ್ನ ಭಾವ, ಜನ್ಮದಲ್ಲಿ ಒಂದು ಸುಳ್ಳನ್ನು ನೆಟ್ಟಗೆ ಹೇಳಲು ಬಾರದ ಆ ಮನುಷ್ಯ, ಕಣ್ಣು ಮಿಟುಕಿಸದೆ ‘ಓದಿದ್ದೆ ಸಾರ್, ಅವನಿಗೆ ಹೇಳೋದು ಮರೆತೆ’ ಎಂದುಬಿಟ್ಟರು. ನಾನು ಹಾಸಿಗೆಯ ಪಕ್ಕದಲ್ಲೇ ಇದ್ದೆ. ಅಧಿಕಾರಿ ಹೋದ ಮೇಲೆ ಜಗಳವಾಡಿದೆ. ‘ಸುಮ್ನಿರೇ. ನನ್ನ ಕಾಲಂತೂ ಹೋಯ್ತು, ನನ್ನಿಂದ ಇನ್ನೇನು ಕಿತ್ಕೊಳ್ತಾರೆ? ಅವನಿಗೆ ಇನ್ನೂ ಬಾಳಿ ಬದುಕೋ ವಯಸ್ಸು’ ಎಂದರು. ಕಿತ್ತುಕೊಳ್ಳುವುದು ಇನ್ನೂ ಇದೆ ಕಣೋ. ಒಬ್ಬ ಮನುಷ್ಯನ ಸಾವಿಗೆ ಕಾರಣನಾದೆ ಅಂತ ಅವರ ಮೇಲೆ ಕೇಸು ಹಾಕುತ್ತಾರೆ. ಹೇಳಿಕೆಯನ್ನು ಟೈಪು ಮಾಡಿಸಿಕೊಂಡು ಶುಕ್ರವಾರ ತರುತ್ತಾರಂತೆ, ಸಹಿಗೆ.

ಕೇಸು ಹಾಳಾಗಿ ಹೋಗಲಿ. ಮೀಸೆಯಣ್ಣನ ಹೆಂಡತಿ ಇದ್ದಾರಲ್ಲ, ಗಂಡ ಸತ್ತ ಮೂರನೇ ದಿನಕ್ಕೇ ನಮಗೆ ಫ್ಲಾಸ್ಕಿನಲ್ಲಿ ಗಂಜಿ ತಂದಿದ್ದರು. ‘ಒಬ್ಬರಾದ್ರೂ ಉಳಿದ್ರಲ್ಲ’ ಅಂತ ಇವರ ಹಣೆ ಸವರಿದ್ದರು. ನಿನ್ನೆ ಮತ್ತೆ ಬಂದರು, ಕೈಯಲ್ಲಿ ಫ್ಲಾಸ್ಕ್ ಇರಲಿಲ್ಲ. ಕೂರಲೂ ಇಲ್ಲ. ‘ಓದಿಯೂ ಹೇಳ್ಲಿಲ್ವಾ ಅಣ್ಣಾ?’ ಎಂದರು, ಅಷ್ಟೇ. ನಿನ್ನ ಭಾವ ಗೋಡೆಯ ಕಡೆ ತಿರುಗಿಕೊಂಡರು. ಆಕೆ ಮೆಟ್ಟಿಲಿಳಿದು ಹೋದ ಮೇಲೆ, ಕಾಲು ತೆಗೆದಾಗಲೂ ಅಳದವರು ಹೊದಿಕೆ ಬಾಯಿಗೆ ಒತ್ತಿಕೊಂಡು ಅತ್ತರು. ಇಪ್ಪತ್ತು ವರ್ಷ ಒಂದೇ ಬುತ್ತಿಯಲ್ಲಿ ಉಂಡ ಗೆಳೆಯನನ್ನು ಕೊಂದವನು ಅಂತ ಅನ್ನಿಸಿಕೊಂಡು ಅವರು ಬದುಕುವುದಿಲ್ಲ ತಮ್ಮಾ. ನನಗೆ ಗೊತ್ತು.

ನಿಜ ನಾನೇ ಹೇಳಿದರೆ ಗಂಡನನ್ನು ಉಳಿಸಲು ಹೆಂಡತಿ ಕಟ್ಟಿದ ಕಥೆ ಅನ್ನುತ್ತಾರೆ. ಕನ್ನಡಕದ ಹುಡುಗಿಗೆ ಕೆಲಸ ಹೋಗುವ ಭಯ. ‘ಯಾವಾಗಲೂ ಮೇಲೆ ಬರೀತಿದ್ದೆ, ಅವತ್ತು ಕೆಳಗೆ ಹೋಯ್ತು, ಹೀಗೆ ಮಾಡು ಅಂತ ಇಂಥವರು ಹೇಳಿದ್ರು’ ಎನ್ನಬಲ್ಲವನು ನೀನೊಬ್ಬನೇ. ಬಂದರೆ ನಿನಗೇನೂ ಆಗುವುದಿಲ್ಲ ಅಂತ ಪುಸಲಾಯಿಸಲಾರೆ. ಆಗಬಹುದು. ಮ್ಯಾನೇಜರ್ ಕೈ ತೊಳೆದುಕೊಂಡು ಎಲ್ಲ ನಿನ್ನ ತಲೆಗೇ ಕಟ್ಟಬಹುದು. ಅಮ್ಮ ಹೋದ ಮೇಲೆ ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ನಿನ್ನನ್ನೇ ಕರೆದು ಅವರ ಮುಂದೆ ನಿಲ್ಲಿಸುವುದು ನನಗೇನು ಸುಲಭವಲ್ಲ. ಆದರೂ ಕರೆಯುತ್ತಿದ್ದೇನೆ. ನಿನ್ನ ಪಕ್ಕದಲ್ಲಿ ನಾನಿರುತ್ತೇನೆ, ಅಷ್ಟು ಮಾತ್ರ ಕೊಡಬಲ್ಲ ಮಾತು.

ನಿನ್ನ ಭಾವ ದಿನಾ ಕೇಳುತ್ತಾರೆ, ‘ಅವನ ಚುಕ್ಕೆ ಬಂತಾ?’ ಅಂತ. ಬಂತು ಅಂದರೆ ಆ ದಿನ ನಾಲ್ಕು ತುತ್ತು ಹೆಚ್ಚು ತಿನ್ನುತ್ತಾರೆ. ಮಾತ್ರೆ ಕೊಂಡುಕೋ. ತಲೆಗೆ ಎಣ್ಣೆ ಹಚ್ಚು. ಎಲ್ಲಿದ್ದರೂ ನೂರು ವರ್ಷ ಬಾಳು, ಆದರೆ ಬಂದು ಹೋಗಿ ಬಾಳು.

ನಿನ್ನ
ಅಕ್ಕ

ಮತ್ತೊಂದು: ಶುಕ್ರವಾರವಲ್ಲ, ಇವತ್ತೇ! ಅಧಿಕಾರಿ ಈಗಷ್ಟೇ ಮೆಟ್ಟಿಲು ಹತ್ತಿ ನನ್ನನ್ನು ದಾಟಿ ವಾರ್ಡಿನೊಳಗೆ ಹೋದರು, ಕೈಯಲ್ಲಿ ಟೈಪಾದ ಕಾಗದ. ಈ ಕಾಗದವನ್ನು ಪಟ್ಟಿಯ ಎಲ್ಲಕ್ಕಿಂತ ಮೇಲೆ, ಸೋಪಿಗಿಂತಲೂ ಮೇಲೆ ಹಾಕು ಅಂತ ಗುಮಾಸ್ತನಿಗೆ ಬಿಡಿಸಿ ಹೇಳಿದೆ, ಹಾಕಿದ್ದನ್ನು ತೆರೆದು ನೋಡಿದೆ, ಅದರಡಿಯಲ್ಲೇ ಇದನ್ನು ಬರೆಯುತ್ತಿದ್ದೇನೆ. ನಿನ್ನ ಹಸಿರು ಚುಕ್ಕೆ ಬಂದಿದೆ. ಮುಚ್ಚಬೇಡ ಕಣೋ, ಓದು. ಕೆಳಗೆ ಆಸ್ಪತ್ರೆಯ ನಂಬರಿದೆ, ಬರಲಾಗದಿದ್ದರೆ ಫೋನಾದರೂ ಮಾಡು, ನಾನು ಅಧಿಕಾರಿಯ ಕೈಗೇ ಕೊಡುತ್ತೇನೆ. ನಿನ್ನ ಭಾವ ಒಳಗಿನಿಂದ ಪೆನ್ನು ಕೇಳುತ್ತಿದ್ದಾರೆ. ನನ್ನ ಹತ್ತಿರ ಇಲ್ಲ ಅಂದೆ. ಪೆನ್ನು ನನ್ನ ಮುಷ್ಟಿಯಲ್ಲಿದೆ.