ನೀವು ನಿಂತದ್ದು ನನ್ನ ಮಗಳ ಭಾಗಾಕಾರದ ಮೇಲೆ

ಮಾನ್ಯ ಶಾಲಾ ತಪಾಸಣಾಧಿಕಾರಿಗಳೇ,

ಹನ್ನೊಂದು ನಿಮಿಷದಲ್ಲಿ ಇಪ್ಪತ್ತೆಂಟು ಮಕ್ಕಳ ಹಣೆಬರಹ ಬರೆದು ಮುಗಿಸಿದ ತಮ್ಮ ಕೈಚಳಕಕ್ಕೆ ಮೊದಲು ನಮಸ್ಕಾರ. ನಮ್ಮ ಶಾಲೆಯ ಮಾಂಟೆಸರಿ ಪ್ರಾಥಮಿಕ ಕೋಣೆಯನ್ನು ಬರುವ ತಿಂಗಳ ಮೊದಲ ದಿನ ಮುಚ್ಚಬೇಕು, ಆರರಿಂದ ಒಂಬತ್ತು ವರ್ಷದ ಮಕ್ಕಳನ್ನು ಲಿಖಿತ ಪರೀಕ್ಷೆಯಲ್ಲಿ ಜರಡಿ ಹಿಡಿದು ಬೇರೆಬೇರೆ ತರಗತಿಗೆ ಹಂಚಬೇಕು, ಅಲ್ಲಿನ ಸಾಮಾನಿಗೆ ಬೀಗ ಹಾಕಬೇಕು ಎಂದು ತಮ್ಮ ಆದೇಶ. ಕಾರಣ: “ಮಕ್ಕಳು ಏನನ್ನೂ ಕಲಿಯುತ್ತಿರುವಂತೆ ಕಂಡುಬರಲಿಲ್ಲ.” ಕಂಡುಬರಲಿಲ್ಲ ಎಂಬುದನ್ನು ನಾನು ಪೂರ್ತಿ ನಂಬುತ್ತೇನೆ. ಆ ಕೋಣೆಯಲ್ಲಿ ಕಲಿಕೆ ನಡೆಯುವುದು ನೆಲದ ಮೇಲೆ. ನೋಡಬೇಕಾದರೆ ಬಗ್ಗಬೇಕು.

ನಾನು ದರ್ಜಿ. ತಮ್ಮ ಇಲಾಖೆಯ ಸಮವಸ್ತ್ರವನ್ನೇ ಹೊಲಿಯುತ್ತೇನೆ: ಸಣ್ಣದು, ನಡುವಿನದು, ದೊಡ್ಡದು, ಮೂರೇ ಅಳತೆ. ಯಾವ ಮಗುವಿಗೂ ಅದು ಸರಿಯಾಗಿ ಕೂರುವುದಿಲ್ಲ. ತೋಳು ಉದ್ದವಾದರೆ ತಾಯಂದಿರು ಅಂಗಿಯನ್ನು ತಂದು ಮಡಚಿಸಿಕೊಳ್ಳುತ್ತಾರೆ, ಮಗುವಿನ ಕೈಯನ್ನು ಎಳೆದು ಉದ್ದ ಮಾಡಿ ಎನ್ನುವುದಿಲ್ಲ. ಇಷ್ಟು ಸಣ್ಣ ವಿಷಯ ಹೊಲಿಗೆ ಯಂತ್ರದ ಮುಂದೆ ಕೂತ ನನಗೆ ತಿಳಿಯುತ್ತದೆ, ಅಷ್ಟು ದೊಡ್ಡ ಮೇಜಿನ ಹಿಂದೆ ಕೂತ ತಮಗೇಕೆ ತಿಳಿಯುವುದಿಲ್ಲ?

ತಾವು ಬಂದ ದಿನ ನಾನು ಆ ಕೋಣೆಯ ಮೂಲೆಯಲ್ಲೇ ಇದ್ದೆ, ತಾವು ಗಮನಿಸಲಿಲ್ಲ. ತಮ್ಮ ವರದಿಯಲ್ಲಿ “ಅನಗತ್ಯ ಕಪ್ಪು ಬಟ್ಟೆ, ಮೂವತ್ತು ಮೀಟರ್” ಎಂದು ಬರೆದಿದ್ದೀರಲ್ಲ, ಅದರ ಅಂಚು ಬಿಚ್ಚಿತ್ತು, ಹೊಲಿಯುತ್ತಿದ್ದೆ. ಆ ಪಟ್ಟಿಯನ್ನು ಮಕ್ಕಳು ಮೊಗಸಾಲೆಯುದ್ದಕ್ಕೂ ಬಿಡಿಸುತ್ತಾ ಹೋಗುತ್ತಾರೆ. ಕಪ್ಪೆಲ್ಲ ಭೂಮಿಯ ವಯಸ್ಸು. ಕೊನೆಯಲ್ಲಿ ಬೆರಳಗಲದ ಕೆಂಪು ತುಂಡೊಂದಿದೆ, ಅಷ್ಟೇ ಮನುಷ್ಯರ ಕಾಲ. ಕಳೆದ ಸಲ ಬಿಡಿಸಿದಾಗ ಒಂದು ಪುಟಾಣಿ ಕೇಳಿತು, “ಟೀಚರ್, ದೊಡ್ಡ ದೊಡ್ಡ ಆಫೀಸರ್‌ಗಳೂ ಇಷ್ಟರಲ್ಲೇ ಬರ್ತಾರಾ?” ಬಟ್ಟೆ ಅನಗತ್ಯ ಎಂದು ತಮಗೆ ಅನಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಈಗ ಅಸಲು ವಿಷಯ. ಅಲ್ಲಿ ಒಂದು ಮಗು ಚಾಪೆ ಹಾಸಿ ಕೆಲಸಕ್ಕೆ ಕೂತರೆ ಉಳಿದವರು ಆ ಚಾಪೆ ತುಳಿಯುವುದಿಲ್ಲ, ಸುತ್ತು ಹಾಕಿ ಹೋಗುತ್ತಾರೆ. ಆರು ವರ್ಷದವರೂ ಪಾಲಿಸುವ ನಿಯಮ ಅದು. ತಾವು ಬೂಟು ಹಾಕಿಕೊಂಡು ನೇರ ಚಾಪೆಯ ನಡುವೆ ನಿಂತಿರಿ. ಚಾಪೆ ನನ್ನ ಮಗಳದು. ಸಾವಿರದ ಐನೂರ ಹನ್ನೆರಡನ್ನು ಮಣಿಗಳಲ್ಲಿ ಜೋಡಿಸಿಕೊಂಡು ಏಳು ಪಾಲು ಮಾಡುತ್ತಿದ್ದಳು. ಅವಳು ತಲೆ ಎತ್ತಿ ಮೆಲ್ಲಗೆ ಹೇಳಿದಳು: “ಸರ್, ಸ್ವಲ್ಪ ಪಕ್ಕಕ್ಕೆ ಬರ್ತೀರಾ? ನೀವು ನಿಂತಿರೋದು ನನ್ನ ಭಾಗಾಕಾರದ ಮೇಲೆ.”

ತಾವು ಸರಿದಿರಿ. ಸರಿಯುವಾಗ ಬೂಟಿನ ತುದಿ ತಾಗಿ ಒಂದು ಮಣಿ ಉರುಳಿತು. ಅವಳು ಪಾಲು ಮಾಡಿ ಮುಗಿಸಿ ಉತ್ತರ ಬರೆದಳು. ಹೊರಡುವ ಮುಂಚೆ ಅವಳ ಪುಸ್ತಕ ಎತ್ತಿ, ಜೇಬಿನಿಂದ ಫೋನು ತೆಗೆದು ಗುಂಡಿ ಒತ್ತಿದಿರಿ. “ಇನ್ನೂರ ಹದಿನೈದು, ಶೇಷ ಆರು? ತಪ್ಪು. ಶೇಷ ಬರೋದೇ ಇಲ್ಲ ಇದಕ್ಕೆ.” ವರದಿಯಲ್ಲಿ ಎರಡು ಸಾಲು: ಸರಳ ಭಾಗಾಕಾರ ಬಾರದು, ಹಿರಿಯರೊಂದಿಗೆ ಅವಿಧೇಯತೆ.

ತಾವು ಹೋದ ಮೇಲೆ ನಡೆದದ್ದನ್ನೂ ಕೇಳಿ. ಅವಳು ಅಳಲಿಲ್ಲ. ಉತ್ತರವನ್ನು ಏಳರಿಂದ ಗುಣಿಸಿ ಆರು ಕೂಡಿಸಿದಳು. ಸಾವಿರದ ಐನೂರ ಹನ್ನೊಂದು ಬಂತು. ಒಂದು ಕಡಿಮೆ. ಬೋರಲು ಮಲಗಿ ಕಪಾಟಿನ ಅಡಿಗೆ ಕೈ ಹಾಕಿ ಆ ಮಣಿ ತೆಗೆದಳು. “ಅಮ್ಮಾ, ನನ್ನ ಲೆಕ್ಕ ಸರಿಯಾಗೇ ಇತ್ತು. ಮಣಿ ಕಮ್ಮಿ ಇತ್ತು, ಅಷ್ಟೇ.” ಮಕ್ಕಳು ಅಲ್ಲಿ ಏನನ್ನೂ ಕಲಿಯುತ್ತಿಲ್ಲ ಎಂದು ಬರೆದಿರಲ್ಲ, ಅವರು ಕಲಿಯುವುದು ಇದನ್ನು. ತಪ್ಪಾದಾಗ ಯಾರ ಮುಖವನ್ನೂ ನೋಡದೆ ತಾವೇ ಹುಡುಕುವುದನ್ನು. ಈ ಪಾಠ ತಮ್ಮ ಕಚೇರಿಯಲ್ಲಿ ಯಾವ ತರಗತಿಗೆ ಇಟ್ಟಿದ್ದೀರಿ?

ಇದೇ ಹುಡುಗಿ ಹಿಂದಿನ ಶಾಲೆಯಲ್ಲಿ ಎರಡು ವರ್ಷ ಕೊನೆಯ ಬೆಂಚಿನಲ್ಲಿ ಕೂತವಳು. ಅಕ್ಷರ ಕೂಡಿಸಲು ಬರುತ್ತಿರಲಿಲ್ಲ. “ಇದರ ತಲೆಗೆ ಏನೂ ಹತ್ತಲ್ಲಮ್ಮ” ಎಂದಿದ್ದರು ಅಲ್ಲಿನ ಟೀಚರು, ಅವಳೆದುರೇ. ಓದು ಎಂದರೆ ಸಾಕು, ಹೆದರಿ ಬಟ್ಟೆ ಒದ್ದೆ ಮಾಡಿಕೊಳ್ಳುತ್ತಿದ್ದಳು. ದಿನಕ್ಕೊಂದು ಲಂಗ ಹೆಚ್ಚಿಗೆ ಕಳಿಸುತ್ತಿದ್ದೆ. ಈ ಕೋಣೆಗೆ ಬಂದ ಮೊದಲ ತಿಂಗಳು ಅವಳು ಸುಮ್ಮನೆ ಬೇರೆಯವರನ್ನು ನೋಡುತ್ತಾ ಕೂತಾಗ ನಾನೂ ತಮ್ಮಂತೆಯೇ ಟೀಚರ ಮೇಲೆ ಹರಿಹಾಯ್ದಿದ್ದೆ. “ನೋಡೋದೂ ಕೆಲಸಾನೇ ಅಮ್ಮಾ, ಬಿಡಿ” ಎಂದರು ಆಕೆ. ಬಿಟ್ಟೆ. ಎರಡನೇ ತಿಂಗಳು ಒಂಬತ್ತು ವರ್ಷದ ಹುಡುಗಿಯೊಬ್ಬಳು ಬಂದು ಇವಳ ಪಕ್ಕ ಕೂತು ಜೊತೆಗೆ ಓದತೊಡಗಿದಳು. ಯಾರೂ ಹೇಳಿರಲಿಲ್ಲ. ಅಲ್ಲಿ ದೊಡ್ಡವರು ಚಿಕ್ಕವರ ಪಕ್ಕ ಕೂರುತ್ತಾರೆ, ಅದೇ ವಾಡಿಕೆ. ತಮ್ಮ ಆದೇಶ ಜಾರಿಯಾದರೆ ಇವಳು ಮತ್ತೆ ಅಂಥದ್ದೇ ಕೊನೆಯ ಬೆಂಚಿಗೆ ಹೋಗಬೇಕು. ತಮ್ಮ ಪಾಲಿಗೆ ಅದು ಒಂದು ಸಹಿ. ನಾನು ಮತ್ತೆ ಹೆಚ್ಚಿನ ಲಂಗ ಮಡಚಿಡಬೇಕು.

ಮಕ್ಕಳಿಗೆ ಹೊರಗೆ ಯಾರಿಂದಲಾದರೂ ಏನಾದರೂ ತಿಳಿಯಬೇಕಿದ್ದರೆ ಅವರೇ ಪತ್ರ ಬರೆದು ಸಮಯ ಕೇಳಿ ಹೋಗುತ್ತಾರೆ, ಟೀಚರು ಬರೀ ಹಿಂದೆ ನಡೆಯುತ್ತಾರೆ. ಹಾಗೆಯೇ ಒಮ್ಮೆ ನನ್ನ ಅಂಗಡಿಗೂ ಬಂದಿದ್ದರು. ಆದೇಶ ಬಂದ ಮರುದಿನ ಮೂವರು ತಮಗೂ ಬರೆದರು: “ಹದಿನೈದು ನಿಮಿಷ ಕೊಡಿ, ನಮ್ಮ ಕೋಣೆ ಯಾಕೆ ಮುಚ್ಚಬೇಕು ಎಂದು ತಿಳಿಯಬೇಕು.” ತಮ್ಮ ಕಚೇರಿ ‘ಸ್ವೀಕರಿಸಲಾಗಿದೆ’ ಎಂದು ಮೊಹರು ಒತ್ತಿತು. ಹತ್ತೊಂಬತ್ತು ದಿನವಾಯಿತು. ಉತ್ತರ ಬಂತಾ ಎಂದು ಮಗಳು ದಿನಾ ಕೇಳುತ್ತಾಳೆ. ದೊಡ್ಡವರಿಗೆ ಕೆಲಸ ಜಾಸ್ತಿ ಎಂದು ನಾನೂ ದಿನಾ ಸುಳ್ಳು ಹೇಳಿದೆ. ನಿನ್ನೆ ಊಟದ ತಟ್ಟೆ ಮುಂದೆ ಇಟ್ಟುಕೊಂಡು ಅವಳೇ ಕೇಳಿದಳು:

“ಅಮ್ಮಾ, ಅವ್ರಿಗೆ ಓದೋಕೆ ಕಷ್ಟ ಆಗ್ತಿರ್ಬೋದಾ? ನಂಗೂ ಆಗ್ತಿತ್ತಲ್ವಾ ಮೊದ್ಲು. ನಾನು ಹೋಗಿ ಪಕ್ಕದಲ್ಲಿ ಕೂತ್ಕೊಳ್ಳಲಾ?”

ಮಾನ್ಯರೇ, ನನ್ನ ಬೇಡಿಕೆ ಒಂದೇ. ಮೊದಲ ತಾರೀಖಿನ ಒಳಗೆ ಆ ಮಕ್ಕಳ ಪತ್ರಕ್ಕೆ ಉತ್ತರ ಕೊಡಿ, ಅಲ್ಲಿಯವರೆಗೆ ಬೀಗವನ್ನು ತಮ್ಮ ಬಳಿಯೇ ಇಟ್ಟುಕೊಳ್ಳಿ. ಓದಲು ನಿಜಕ್ಕೂ ಕಷ್ಟವಾದರೆ ಸಂಕೋಚಪಡಬೇಡಿ, ಹೇಳಿ ಕಳಿಸಿ. ಅವಳು ಬರುತ್ತಾಳೆ. ತಮ್ಮ ಮೇಜನ್ನು ಸುತ್ತು ಹಾಕಿಯೇ ಬರುತ್ತಾಳೆ.

ಇಂತಿ,
ತಮ್ಮ ಮೂರು ಅಳತೆಗೆ ಮಕ್ಕಳನ್ನು ಹೊಂದಿಸಲಾಗದೆ ಸೋತ
ಒಬ್ಬ ದರ್ಜಿ